ಎಡತೋಳಿನ ಕಿಟಕಿ

ಮಾಸ್ಟ್ರು ಹೇಳಿದ ದಿನಕ್ಕೆ ಬಟ್ಟೆ ಕೊಟ್ಟರು ಎಂದು ಯಾರಾದರೂ ಹೇಳಿದರೆ, ಆ ಬೀದಿಯವರು ಹೇಳಿದವನನ್ನೇ ಅನುಮಾನದಿಂದ ನೋಡುತ್ತಿದ್ದರು. ನಲವತ್ತು ವರ್ಷದಿಂದ ಒಂದೇ ಟೈಲರ್ ಅಂಗಡಿ, ಒಂದೇ ಕತ್ತರಿ, ಒಂದೇ ಮಾತು: "ನಾಳೆ ಬನ್ನಿ, ಗುಂಡಿ ಒಂದು ಬಾಕಿ." ಆ ಒಂದು ಗುಂಡಿ ಹಾಕುವುದಕ್ಕೆ ಮಾಸ್ಟ್ರಿಗೆ ಏನಿಲ್ಲವೆಂದರೂ ಹನ್ನೆರಡು ದಿನ ಹಿಡಿಯುತ್ತಿತ್ತು. ಆದರೂ ಜನ ಬೈದುಕೊಂಡೇ ಬರುತ್ತಿದ್ದರು. ಅವರು ಹೊಲಿದ ಕೋಟು ತೊಟ್ಟರೆ ಬಗ್ಗಿದ ಬೆನ್ನೂ ನೆಟ್ಟಗೆ ಕಾಣುತ್ತಿತ್ತು, ಏನು ಮಾಡುವುದು? ಶಾಲೆ ಮಕ್ಕಳ ಬಟ್ಟೆಗಂತೂ ಅವರೇ ಆಗಬೇಕು. ಪ್ಯಾಂಟಿರಲಿ, ಸ್ಕರ್ಟಿರಲಿ, ಕೆಳಗೆ ನಾಲ್ಕು ಬೆರಳು ಬಟ್ಟೆ ಒಳಗೆ ಮಡಚಿ ಹೊಲಿದು, "ಬೆಳೆಯೋ ಮಗು. ಮುಂದಿನ ವರ್ಷ ಬಿಚ್ಚಿ ಇಳಿಸ್ಕೊಳ್ಳಿ" ಎಂದು ಹೇಳಿ ಕಳಿಸುತ್ತಿದ್ದರು.

ಇಂಥ ಮಾಸ್ಟ್ರು ತಮ್ಮ ಅರವತ್ತೊಂದನೆಯ ವಯಸ್ಸಿನಲ್ಲಿ ಹಚ್ಚೆ ಹಾಕಿಸಿಕೊಳ್ಳಲು ಹೊರಟರು. ಹೊರಟರು ಅಂದರೆ ಎದ್ದು ಹೋದರು ಅಂತಲ್ಲ. ಅವರ ಕೆಲಸವೆಲ್ಲ ಹಾಗೆಯೇ, ಹೊರಡುವುದಕ್ಕೇ ಒಂದು ವಾರ ಬೇಕಾಯಿತು.

ಕಾರಣ, ಮಗಳು. ಒಬ್ಬಳೇ ಮಗಳು. ಅಂಗಡಿಯ ಮೇಜಿನ ಕೆಳಗೆ ಚಿಂದಿ ಬಟ್ಟೆಯ ಮೇಲೆ ಮಲಗಿ ಬೆಳೆದವಳು. ಅಪ್ಪ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದರೆ ಇವಳು ಅದಕ್ಕೆ ಕಣ್ಣು, ಕೊಕ್ಕು ಬರೆದು ಹಕ್ಕಿ ಮಾಡಿಬಿಡುತ್ತಿದ್ದಳು. ಅವಳು ಹೊಲಿಗೆ ಕಲಿಯುತ್ತಾಳೆ ಎಂದು ಮಾಸ್ಟ್ರು ಕಾದರು. ಅವಳು ಟ್ಯಾಟೂ ಹಾಕುವುದನ್ನು ಕಲಿತಳು. ಮೂರು ವರ್ಷ ಬೇರೆಯವರ ಬಳಿ ದುಡಿದು, ಎರಡು ಬೀದಿ ಆಚೆ ತನ್ನದೇ ಅಂಗಡಿ ಹಿಡಿದ ದಿನ ಓಡೋಡಿ ಬಂದು, "ಅಪ್ಪ, ಅಂಗಡಿ ಒಳಗೆ ಒಂದು ಪರದೆ ಬೇಕು. ನೀನೇ ಹೊಲಿದುಕೊಡಬೇಕು" ಎಂದಳು.

ಮಾಸ್ಟ್ರ ಮೈಮೇಲೆ ಅದೇನು ಬಂದಿತ್ತೋ! ಅಂಗಡಿ ತುಂಬ ಗಿರಾಕಿಗಳಿದ್ದಾರೆ ಎನ್ನುವುದನ್ನೂ ನೋಡದೆ, "ನಾನು ಜನರ ಮೈ ಮುಚ್ಚೋಕೆ ಹೊಲೀತೀನಿ. ನೀನು ಅವರ ಮೈ ಬಿಚ್ಚಿಸೋಕೆ ಅಂಗಡಿ ಹಾಕ್ತೀಯಾ? ಅದಕ್ಕೆ ನನ್ನ ಕೈಯಲ್ಲಿ ಪರದೆ ಬೇರೆ ಹೊಲಿಸ್ತೀಯಾ?" ಎಂದುಬಿಟ್ಟರು.

ಮಗಳು ಕೈಯಲ್ಲಿದ್ದ ಅಳತೆ ಟೇಪನ್ನು ನೀಟಾಗಿ ಸುತ್ತಿ ಮೇಜಿನ ಮೇಲಿಟ್ಟು ಹೋದಳು. ತನ್ನ ಅಂಗಡಿಯ ಮೇಲಿನ ಕೋಣೆಯಲ್ಲೇ ಉಳಿದುಕೊಂಡಳು. ಹನ್ನೊಂದು ತಿಂಗಳಾಯಿತು. ಅಮ್ಮನ ಜೊತೆ ದಿನಾ ಫೋನಿನಲ್ಲಿ ಮಾತಾಡುತ್ತಾಳೆ. ಅಪ್ಪನ ಚಪ್ಪಲಿ ಸದ್ದು ಕೇಳಿದರೆ ಫೋನ್ ಕಟ್.

ಆಡಿದ್ದು ತಪ್ಪು ಎಂದು ಮಾಸ್ಟ್ರಿಗೆ ಅವತ್ತೇ ಗೊತ್ತಾಗಿತ್ತು. ಆದರೆ ತಪ್ಪಾಯಿತು ಎನ್ನುವುದು ಆ ಮನುಷ್ಯನ ಜಾಯಮಾನದಲ್ಲೇ ಇರಲಿಲ್ಲ. ಅಂಗಿ ಬಿಗಿಯಾಯಿತು ಎಂದು ಗಿರಾಕಿ ಬಂದರೆ, "ಅಂಗಿ ಸರಿಯಾಗೇ ಇದೆ, ಊಟ ಸ್ವಲ್ಪ ಕಮ್ಮಿ ಮಾಡಿ" ಎಂದು ಕಳಿಸುವ ಪೈಕಿ. ಕೊನೆಗೆ ಅವರೇ ಒಂದು ದಾರಿ ಕಂಡುಕೊಂಡರು. ಗಿರಾಕಿಯಾಗಿ ಹೋಗುವುದು. ಮಗಳ ಮುಂದೆ ಕೂತು ತೋಳು ಚಾಚುವುದು. ಆಗ ಬಾಯಿ ಬಿಟ್ಟು ಹೇಳುವ ಕಷ್ಟ ತಪ್ಪುತ್ತದೆ. ಒಂದೇ ಒಂದು ಹೆದರಿಕೆ ಎಂದರೆ, ಅವಳು "ಎದ್ದು ಹೋಗು" ಅಂದರೆ? ಅಂದರೆ ಆಮೇಲೆ ಹೋಗುವುದಕ್ಕೆ ಬೇರೆ ಬಾಗಿಲಿಲ್ಲ. 

ಗುಟ್ಟು ತಿಳಿದಿದ್ದು ಪಕ್ಕದ ಕ್ಷೌರದಂಗಡಿಯವನಿಗೆ ಮಾತ್ರ. ಬೀದಿಯವರು ಅವನನ್ನು ಬ್ಲೇಡಪ್ಪ ಎಂದು ಕರೆಯುತ್ತಿದ್ದರು. ಗಡ್ಡ ಕೆರೆಯುವುದಕ್ಕಿಂತ ಮಾತಿನಲ್ಲೇ ಹೆಚ್ಚು ಕೊರೆಯುವ ಆಸಾಮಿ. ಅವನೇ ತನ್ನ ಫೋನಿನಿಂದ ತನ್ನ ಹೆಸರಲ್ಲೇ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಅಪಾಯಿಂಟ್‌ಮೆಂಟ್ ತೆಗೆದುಕೊಟ್ಟ. ಆ ಕಡೆಯಿಂದ, ಬರುವ ಮೊದಲು ಏನೇನು ಮಾಡಬೇಕು ಎನ್ನುವ ಪಟ್ಟಿ ಬಂತು. ಫೋನಿನ ಅಕ್ಷರ ಮಾಸ್ಟ್ರಿಗೆ ಕಾಣದು; ಬ್ಲೇಡಪ್ಪ ಒಂದು ಹಳೇ ಚೀಟಿಯ ಹಿಂದೆ ಬರೆದುಕೊಟ್ಟ. ಬರೆಯುವವನಿಗೆ ಸೋಮಾರಿತನ, ತಲೆಬರಹ ಬಿಟ್ಟ, ಅಂಗಡಿಯ ಹೆಸರು ಬಿಟ್ಟ, ಮೂಲೆಯಲ್ಲಿ 'ಶನಿವಾರ ಹತ್ತು ಗಂಟೆ' ಎಂದಷ್ಟೇ ಗೀಚಿ ಬರೀ ನಿಯಮ ಬರೆದ.

ಐದನೆಯದಕ್ಕೆ ಬಂದಾಗ ಅವನ ಪೆನ್ನು ನಿಂತಿತು.

"ಕೂದಲು ನೀವು ಬೋಳಿಸಬೇಡಿ, ನಾವೇ ಬೋಳಿಸ್ತೀವಿ ಅಂತೆ! ಏನ್ ಮಾಸ್ಟ್ರೇ ಇದು? ಮೂವತ್ತು ವರ್ಷ ಕತ್ತಿ ಹಿಡಿದವನು ಪಕ್ಕದಲ್ಲೇ ಕೂತಿದೀನಿ, ನಿಮ್ಮ ತೋಳು ಬೋಳಿಸೋ ಯೋಗ್ಯತೆ ನನಗಿಲ್ವಾ?"

"ಬರೆಯೋ ಮಾರಾಯ."

ಬ್ಲೇಡಪ್ಪ ಬರೆದ. ಅದರ ಮುಂದೆ ತನ್ನದೂ ಎರಡು ಪದ ಸೇರಿಸಿದ: "ಇದು ಅವಮಾನ."

ಮಾಸ್ಟ್ರು ಪಟ್ಟಿಯನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಶ್ರದ್ಧೆಯಿಂದ ಶುರುಮಾಡಿದರು. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಎಂದಿತ್ತು; ಇವರು ಏಳು ದಿನ ಮೊದಲಿಂದಲೇ ಒಂಬತ್ತು ಗಂಟೆಗೆ ಮುಸುಕೆಳೆದರು. ನೀರು ಕುಡಿಯಿರಿ ಎಂದಿತ್ತು. ಎಷ್ಟು ಕುಡಿದರೆಂದರೆ ಅಳತೆ ತೆಗೆಯುವಾಗ ಗಿರಾಕಿಯ ಎದೆ ಸುತ್ತಳತೆಗೂ ಸೊಂಟಕ್ಕೂ ನಡುವೆ ಒಂದು ಸಲ ಹೊರಗೆ ಓಡಿಹೋಗಿ ಬರುತ್ತಿದ್ದರು. ಚರ್ಮ ಒಣಗದಂತೆ ಕ್ರೀಮ್ ಹಚ್ಚಿ ಎಂದಿತ್ತು; ಎಡತೋಳಿಗೆ ಹಚ್ಚಿ ಹಚ್ಚಿ, ಯಾರದೋ ಬಿಳಿ ಅಂಗಿಯ ಮೇಲೆ ಮೊಣಕೈ ಮುದ್ರೆ ಬಿತ್ತು. "ಅದು ಡಿಸೈನು" ಎಂದು ದಬಾಯಿಸಿ ಕಳಿಸಿದರು. ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿ ಎಂದಿತ್ತು. ಬಿಪಿ ಮಾತ್ರೆ ಹಿಡಿದುಕೊಂಡು ಡಾಕ್ಟರ ಬಳಿಗೂ ಹೋಗಿ ಬಂದರು. ಅವರು ಮಾತ್ರೆ ನೋಡಿ, "ಇದರಿಂದೇನೂ ತೊಂದರೆ ಇಲ್ಲ, ನಿಲ್ಲಿಸಬೇಡಿ. ಆದ್ರೆ ನೀವು ಸೂಜಿ ತಡ್ಕೋತೀರಾ?" ಎಂದು ಕೇಳಿದರು. ಕೇಳಿದ್ದರಲ್ಲಿ ತಪ್ಪೇನಿಲ್ಲ. ನಲವತ್ತು ವರ್ಷ ತುಟಿಯಲ್ಲಿ ಸೂಜಿ ಕಚ್ಚಿಕೊಂಡೇ ಬದುಕಿದ ಮಾಸ್ಟ್ರು, ಇಂಜೆಕ್ಷನ್ ಅಂದರೆ ನರ್ಸಮ್ಮನ ಕೈ ಬಿಗಿಯಾಗಿ ಹಿಡಿದುಕೊಂಡು ಕಣ್ಣು ಮುಚ್ಚುವವರು.

ಮನೆಯಲ್ಲಿ ಇದನ್ನೆಲ್ಲ ನೋಡುತ್ತಿದ್ದ ಹೆಂಡತಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅನುಮಾನ. ಬುಧವಾರ ಒಗೆಯಲು ಹಾಕಿದ ಅಂಗಿಯ ಜೇಬಿನಲ್ಲಿ ಪಟ್ಟಿ ಸಿಕ್ಕಿತು. ಆಕೆ ಅದನ್ನು ಎರಡೆರಡು ಸಲ ಓದಿದರು. ನಿದ್ದೆ ಮಾಡಿ, ಮದ್ಯ ಮುಟ್ಟಬೇಡಿ, ಡಾಕ್ಟರನ್ನು ಕೇಳಿ, ಕೂದಲು ನಾವೇ ಬೋಳಿಸುತ್ತೇವೆ, ಸಡಿಲ ಬಟ್ಟೆ ಹಾಕಿ, ಸೂಜಿ ಚುಚ್ಚುವ ಜಾಗ ತೆರೆದಿರಲಿ, ಭಯವಿದ್ದರೆ ಮನೆಯವರೊಬ್ಬರು ಜೊತೆಗಿರಲಿ. ಆಪರೇಷನ್ ಅಲ್ಲದೆ ಇನ್ನೇನು? ಹೆಂಡತಿಗೂ ಹೇಳದೆ ಆಪರೇಷನ್!

ಇದಾದ ಮೇಲಿನದು ಮಾಸ್ಟ್ರಿಗೆ ಗೊತ್ತಾದದ್ದು ಎಷ್ಟೋ ದಿನಗಳ ನಂತರ. ಆಕೆ ಅಳುತ್ತ ಮಗಳಿಗೆ ಫೋನ್ ಮಾಡಿದರು. "ನಿಮ್ಮಪ್ಪನಿಗೆ ಏನೋ ಆಗಿದೆ ಕಣೇ. ಶನಿವಾರ ಕೊಯ್ತಾರಂತೆ" ಎಂದು ಪಟ್ಟಿ ಓದತೊಡಗಿದರು. ಆರನೆಯದಕ್ಕೆ ಬರುವಷ್ಟರಲ್ಲಿ ಮಗಳು ತಡೆದಳು.

"ಅಮ್ಮ, ಐದನೆಯದು ಇನ್ನೊಂದ್ಸಲ ಓದು."

"ಕೂದಲು ನೀವು ಬೋಳಿಸಬೇಡಿ, ನಾವೇ ಬೋಳಿಸ್ತೀವಿ. ಇದು ಅವಮಾನ." ಅಮ್ಮ ಮೂಗು ಒರೆಸಿಕೊಂಡರು. "ಯಾವ ಆಸ್ಪತ್ರೇಲಿ ಹೀಗೆ ಬರೀತಾರೆ?"

ಪಟ್ಟಿ ಯಾರದು ಎಂದು ಮಗಳಿಗೆ ಮೊದಲ ಸಾಲಿಗೇ ಗೊತ್ತಾಗಿತ್ತು, ಬರೆದವಳು ಅವಳೇ. ಶನಿವಾರ ಹತ್ತು ಗಂಟೆಗೆ ಬ್ಲೇಡಪ್ಪ ಮಾಮನ ಹೆಸರಲ್ಲಿ ನಿಜಕ್ಕೂ ಬರುವವರು ಯಾರು ಎನ್ನುವುದೂ ಈಗ ಹೊಳೆಯಿತು. ಅವಳು ಅಪಾಯಿಂಟ್‌ಮೆಂಟ್ ಪುಸ್ತಕ ತೆರೆದು ಆ ಹೆಸರನ್ನು ಇನ್ನೊಮ್ಮೆ ನೋಡಿದಳು. ಆಮೇಲೆ, "ಅಳಬೇಡ, ಅಪ್ಪನಿಗೆ ಏನೂ ಆಗಿಲ್ಲ. ಅವರು ನನ್ನ ಹತ್ರ ಬರ್ತಿದಾರೆ. ನೀನು ಏನೂ ಗೊತ್ತಿಲ್ಲದ ಹಾಗಿರು. ಶನಿವಾರ ಬೆಳಿಗ್ಗೆ ಎರಡು ಮೊಟ್ಟೆ ಜಾಸ್ತಿ ಹಾಕು" ಎಂದು ಫೋನಿಟ್ಟಳು. ಬರಲಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ಮಾಸ್ಟ್ರ ತಲೆ ತುಂಬ ಆಗ ಇದ್ದದ್ದು ಏಳನೆಯ ನಿಯಮ: ಸಡಿಲ ಬಟ್ಟೆ, ಜಾಗ ಸುಲಭವಾಗಿ ತೆರೆಯುವಂತಿರಲಿ. ಹಚ್ಚೆ ಹಾಕಿಸಿಕೊಳ್ಳಬೇಕಾದದ್ದು ಎಡಗೈಯ ಮೇಲ್ತೋಳಿಗೆ, ಭುಜದ ಹತ್ತಿರ; ಗಿರಾಕಿಗಳ ಕಣ್ಣಿಗೆ ಬೀಳಬಾರದಲ್ಲ. ಅಲ್ಲಿಯವರೆಗೆ ಅಂಗಿಯ ತೋಳು ಮಡಚಿದರೆ ಬಿಗಿದು ರಕ್ತದ ಓಡಾಟ ನಿಲ್ಲುತ್ತದೆ. ಅಂಗಿ ಬಿಚ್ಚುವುದೇ? ಮಗಳ ಮುಂದೆ, ಅಂಥ ಮಾತಾಡಿದ ಮೇಲೆ, ಮೈ ಬಿಚ್ಚಿ ಕೂರುವುದೇ? ಛೆ ಛೆ! ಅವರು ಹೊಸ ಅಂಗಿಯನ್ನೇ ಹೊಲಿಯಲು ಕೂತರು. ಎಡತೋಳಿನಲ್ಲಿ ಮೂರಿಂಚಿನ ಒಂದು ಕಿಟಕಿ, ಅದಕ್ಕೊಂದು ಮುಚ್ಚಳ, ಮುಚ್ಚಳಕ್ಕೆ ನಾಲ್ಕು ಗುಂಡಿ, ಗುಂಡಿ ತೂರಿಸಲು ನಾಲ್ಕು ಕಾಜಾ.

ಅಂಗಿಯನ್ನು ಬೊಂಬೆಗೆ ತೊಡಿಸಿ, ಎದುರು ನಿಂತು, ಸೀಮೆಸುಣ್ಣ ಎತ್ತಿದರು. ಟೈಲರಿನ ಕೆಲಸವೆಲ್ಲ ಗಿರಾಕಿಯ ಎದುರಿಗೆ ನಿಂತು. ಗಿರಾಕಿಯ ಎಡಗೈ ಅವನ ಬಲಕ್ಕಿರುತ್ತದೆ. ಮಾಸ್ಟ್ರು ಸರಿಯಾಗಿಯೇ ತಮ್ಮ ಬಲಕ್ಕಿದ್ದ ತೋಳಿಗೆ ಗೆರೆ ಎಳೆದರು. ಅಷ್ಟರಲ್ಲಿ ಬ್ಲೇಡಪ್ಪ ಟೀ ಲೋಟ ಹಿಡಿದು ಬಂದು ಬೊಂಬೆಯ ಮುಂದೆಯೇ ನಿಂತ. ಅವನು ಹೊಟ್ಟೆಪಾಡಿಗೆ ಗಿರಾಕಿಯ ಬೆನ್ನ ಹಿಂದೆ ನಿಲ್ಲುವವನು. ಅವನಿಗೆ ಗಿರಾಕಿಯ ಎಡ ಅಂದರೆ ತನ್ನ ಎಡವೇ.

"ಮಾಸ್ಟ್ರೇ, ತಪ್ಪು ತಪ್ಪು! ಅದು ಬಲ. ಎಡ ಈ ಕಡೆ."

"ನಲವತ್ತು ವರ್ಷದಿಂದ ಹೊಲೀತಿದೀನಿ, ನನಗೆ ಎಡ ಬಲ ಹೇಳ್ಕೊಡ್ತೀಯಾ?"

"ನಾನು ಎಡ ಬಲ ತಪ್ಪಿದ್ರೆ ಈ ಬೀದೀಲಿ ಎಷ್ಟು ಕಿವಿ ಉಳಿದಿರೋದು ಹೇಳಿ! ನೀವು ಈಗ ಗಾಬರಿಯಲ್ಲಿದೀರಿ. ನನ್ನ ಮಾತು ಕೇಳಿ."

ಗಾಬರಿಯಲ್ಲಿದ್ದದ್ದು ನಿಜ. ಮಗಳು ಏನೆನ್ನುತ್ತಾಳೋ ಎಂದು ಯೋಚಿಸಿ ಯೋಚಿಸಿ, ಮಾಸ್ಟ್ರಿಗೆ ತಮ್ಮ ಕೈ ಯಾವುದು ಎನ್ನುವುದರ ಮೇಲೆಯೇ ನಂಬಿಕೆ ಹೋಗಿತ್ತು. ವೃತ್ತಿಯಲ್ಲಿ ಮೊದಲ ಬಾರಿಗೆ ಇನ್ನೊಬ್ಬನ ಮಾತು ಕೇಳಿದರು. ಅವನು ತೋರಿಸಿದ ಕಡೆಯ ತೋಳನ್ನೇ ಕತ್ತರಿಸಿದರು. ಕಾಜಾ ಎಷ್ಟು ಚೆಂದ ಬಂತೆಂದರೆ ಅದನ್ನೇ ನೋಡುತ್ತ ಕೂತು, ತೊಟ್ಟು ನೋಡುವುದನ್ನು ಮರೆತರು. ಟ್ರಯಲ್ ನೋಡದೆ ಯಾರಿಗೂ ಬಟ್ಟೆ ಕೊಡದ ಮನುಷ್ಯ!

ಶನಿವಾರ ಬೆಳಿಗ್ಗೆ ಹೆಂಡತಿ ನಾಲ್ಕು ಮೊಟ್ಟೆ, ಆರು ತುಂಡು ಬ್ರೆಡ್ಡು, ಮೇಲೆರಡು ಬಾಳೆಹಣ್ಣು ತಂದಿಟ್ಟರು. ಬೈಗುಳವಿಲ್ಲ, ಪ್ರಶ್ನೆಯಿಲ್ಲ.

"ಇಷ್ಟೊಂದು ಯಾಕೆ?"

"ತಿನ್ರೀ ಸುಮ್ನೆ. ಶಕ್ತಿ ಬೇಕು."

"ಯಾತಕ್ಕೆ ಶಕ್ತಿ?"

"ಗುಂಡಿ ಹಾಕೋಕೆ" ಎಂದವರೇ ಬಾಯಿಗೆ ಟವೆಲ್ ಅಡ್ಡ ಹಿಡಿದು ಅಡಿಗೆಮನೆಗೆ ಓಡಿದರು. ಮೂವತ್ತೈದು ವರ್ಷ ಜೊತೆಗಿದ್ದ ಹೆಂಡತಿ ಅಳುತ್ತಿದ್ದಾಳೋ ನಗುತ್ತಿದ್ದಾಳೋ ಮಾಸ್ಟ್ರಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ಅವಸರದಲ್ಲಿ ಹೊಸ ಅಂಗಿ ತೊಟ್ಟು, ಕಿಟಕಿ ಯಾರಿಗೂ ಕಾಣದಿರಲಿ ಎಂದು ಮೇಲೆ ಕೋಟು ಹಾಕಿಕೊಂಡು ಹೊರಟರು.

ಮಗಳ ಅಂಗಡಿ ಹೇಗಿರಬಹುದು ಎಂದು ಹನ್ನೊಂದು ತಿಂಗಳು ಏನೇನೋ ಊಹಿಸಿದ್ದರು. ಒಳಗೆ ಕಾಲಿಟ್ಟರೆ ಒಂದು ಕಸ ಕಡ್ಡಿ ಇಲ್ಲ. ಬೆಳಕು ಅವರ ಅಂಗಡಿಗಿಂತ ಚೆನ್ನಾಗಿತ್ತು. ಬಣ್ಣದ ಶೀಸೆಗಳು ಒಂದೇ ಸಾಲಿನಲ್ಲಿ, ಒಡೆಯದ ಸೂಜಿ ಪೊಟ್ಟಣಗಳು ಡಬ್ಬಿಯಲ್ಲಿ, ಕೈಗವಸು, ಹತ್ತಿ, ಎಲ್ಲ ಕೈಗೆಟಕುವಲ್ಲಿ. ಕೆಲಸ ಗೊತ್ತಿದ್ದವರ ಮೇಜು ನೋಡಿದರೆ ಗೊತ್ತಾಗುತ್ತದೆ. ಒಂದೇ ಒಂದು ಕೊರತೆ ಅವರ ಟೈಲರ್ ಕಣ್ಣಿಗೆ ಬಿತ್ತು. ಅಂಗಡಿಯ ನಡುವೆ, ಹಚ್ಚೆ ಹಾಕುವ ಕುರ್ಚಿಯ ಮುಂದೆ, ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಸ್ಟೀಲ್ ಸರಳು ಹಾಕಿತ್ತು. ಸರಳಿನಲ್ಲಿ ಬಳೆಗಳಿದ್ದವು, ಪರದೆ ಇರಲಿಲ್ಲ.

ಬಾಗಿಲ ಬಳಿಯ ಬೆಂಚಿನ ಮೇಲೆ ಒಬ್ಬರು ಕೂತಿದ್ದರು. ಮಾಸ್ಟ್ರು ಕೋಟನ್ನು ಬಿಗಿಯಾಗಿ ಎಳೆದುಕೊಂಡರು. ಬಾಲಿಕೆಯರ ಶಾಲೆಯ ಹೆಡ್ ಮಿಸ್ಸು! ಮೂರು ವಾರದಿಂದ ಅವರ ಕೋಟು ಬಾಕಿ ಇತ್ತು.

"ಏನ್ ಮಾಸ್ಟ್ರೇ, ನನ್ನ ಕೋಟು ಕೊಡೋಕೆ ಇಲ್ಲೀವರೆಗೂ ಬಂದ್ರಾ?"

"ಗುಂಡಿ ಒಂದು ಬಾಕಿ, ಮಿಸ್... ನೀವು ಇಲ್ಲಿ?"

"ಭುಜದ ಮೇಲೆ ಒಂದು ಹೂವು ಹಾಕಿಸ್ಕೊಳ್ಳೋ ಆಸೆ. ಮೂರು ಸಲ ಬಂದು ವಾಪಸ್ ಹೋದೆ. ಹೀಗೆ ಬಟ್ಟಬಯಲಲ್ಲಿ ಹೇಗೆ ಕೂರೋದು ಹೇಳಿ? ಕೇಳಿದಾಗೆಲ್ಲ ಈ ಹುಡುಗಿ, ಪರದೆ ಹೊಲಿಯೋಕೆ ಹೇಳಿದೀನಿ, ಬರುತ್ತೆ ಅಂತಾಳೆ. ಬೇರೆ ಟೈಲರ್ ಹತ್ರ ಕೊಡಮ್ಮಾ ಅಂದ್ರೆ, ಇಲ್ಲ, ಅವರೇ ಹೊಲೀಬೇಕು ಅಂತ ಹಟ. ಯಾವನೋ ಪುಣ್ಯಾತ್ಮ, ಹನ್ನೊಂದು ತಿಂಗಳು! ನಿಮಗಿಂತ ನಿಧಾನದವನೂ ಇದಾನೆ ನೋಡಿ."

ಮಾಸ್ಟ್ರು ತಲೆ ಎತ್ತಿ ಸರಳಿನ ಖಾಲಿ ಬಳೆಗಳನ್ನು ಮತ್ತೊಮ್ಮೆ ನೋಡಿದರು.

ಮಗಳು ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಅಪ್ಪನನ್ನು ನೋಡಿ ಆಶ್ಚರ್ಯಪಡಲಿಲ್ಲ, ನಗಲೂ ಇಲ್ಲ. ಕಾಗದ, ಪೆನ್ನು ತೆಗೆದುಕೊಂಡಳು.

"ಹತ್ತು ಗಂಟೆ ಅಪಾಯಿಂಟ್‌ಮೆಂಟ್ ಅಲ್ವಾ? ಕೂತ್ಕೊಳ್ಳಿ. ನಿದ್ದೆ ಮಾಡಿದೀರಾ?"

ಕೂತ್ಕೊಳ್ಳಿ. ಮಾಡಿದೀರಾ. ಹುಟ್ಟಿದಾಗಿನಿಂದ ನೀನು, ನೀನು ಎಂದು ಹೆಗಲೇರಿದ ಮಗಳು ಬಹುವಚನ ಹಾಕಿದಳು. ಯಾವ ಸೂಜಿಯೂ ಅಷ್ಟು ಚುಚ್ಚಲಾರದು.

"ಮಾಡಿದೀನಿ. ಒಂದು ವಾರದಿಂದ."

"ತಿಂಡಿ ತಿಂದಿದೀರಾ?"

"ನಾಲ್ಕು ಮೊಟ್ಟೆ."

"ಮಾತ್ರೆ?"

"ಡಾಕ್ಟರನ್ನ ಕೇಳಿದೀನಿ. ತೊಂದರೆ ಇಲ್ಲ ಅಂದ್ರು."

"ಏನು ಹಾಕ್ಬೇಕು?"

"ನಿನಗೆ ತೋಚಿದ್ದು ಹಾಕಮ್ಮ."

ಅವಳು ಪೆನ್ನು ಕೆಳಗಿಟ್ಟಳು. "ನಿಮಗೆ ತೋಚಿದ್ದು ಹೊಲೀರಿ ಅನ್ನೋ ಗಿರಾಕಿನ ನಂಬಬಾರದು, ನಾಳೆ ಅವರೇ ಜಗಳಕ್ಕೆ ಬರ್ತಾರೆ ಅಂತ ನನಗೆ ಒಬ್ಬರು ಹೇಳ್ಕೊಟ್ಟಿದಾರೆ. ಯೋಚನೆ ಮಾಡಿ ಹೇಳಿ. ತೋಳು ಎಲ್ಲಿ?"

ಮಾಸ್ಟ್ರು ಕೋಟು ಬಿಚ್ಚಿ, ಹೆಮ್ಮೆಯಿಂದಲೇ ಎಡತೋಳಿಗೆ ಕೈ ಹಾಕಿದರು. ಗುಂಡಿ ಸಿಗಲಿಲ್ಲ. ಮೇಲೆ ತಡವಿದರು, ಕೆಳಗೆ ತಡವಿದರು. ನುಣ್ಣನೆ ತೋಳು. ಮೆಲ್ಲಗೆ ತಲೆ ತಿರುಗಿಸಿ ನೋಡಿದರೆ, ಬಲತೋಳಿನಲ್ಲಿ ನಾಲ್ಕು ಗುಂಡಿಯ ಕಿಟಕಿ ಅಚ್ಚುಕಟ್ಟಾಗಿ ಕೂತಿತ್ತು.

"ಆ ಬ್ಲೇಡಪ್ಪನ ಮನೆ ಹಾಳಾಗ!"

ಮಗಳು ತುಟಿ ಕಚ್ಚಿ ನಗು ಹಿಡಿದಳು. ಹೆಡ್ ಮಿಸ್ಸು ಹಿಡಿಯಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು.

"ಬಲಗೈಗೇ ಹಾಕಿಬಿಡು" ಎಂದರು ಮಾಸ್ಟ್ರು, ಬೆವರುತ್ತ.

"ಕತ್ತರಿ ಹಿಡಿಯೋ ಕೈಗೆ ನಾನು ಸೂಜಿ ಹಾಕಲ್ಲ. ಅಂಗಿ ಬಿಚ್ಬೇಕು."

"ಇಲ್ಲೇನಾ? ಮಿಸ್ಸು ಕೂತಿದಾರಲ್ಲ!"

ಮಗಳು ಒಳಗಿಂದ ಒಂದು ಹಳೇ ಬೆಡ್‌ಶೀಟು ತಂದು, ಸರಳಿಗೆ ಕ್ಲಿಪ್ಪು ಹಾಕಿ ಕಟ್ಟಿದಳು. ಅದು ಅರ್ಧಕ್ಕೇ ಮುಗಿಯುತ್ತಿತ್ತು. ಮಾಸ್ಟ್ರು ಅದರ ಹಿಂದೆ ನಿಂತು ಅಂಗಿ ಬಿಚ್ಚುತ್ತಿದ್ದಂತೆ ಒಂದು ಕ್ಲಿಪ್ಪು ಟಪ್ಪೆಂದು ಹಾರಿತು. ಇನ್ನೊಂದೂ ಹಾರಿತು. ಅರವತ್ತೊಂದು ವರ್ಷದ ಮನುಷ್ಯ ತೂತು ಬನಿಯನ್ನಿನಲ್ಲಿ, ಜಾರುವ ಬೆಡ್‌ಶೀಟನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು ನಿಂತರು. ಬೆಂಚಿನ ಮೇಲಿನ ಹೆಡ್ ಮಿಸ್ಸು ಪಾಪ, ಮುಖ ಗೋಡೆಗೆ ತಿರುಗಿಸಿಕೊಂಡರು.

ಆಗ ಅರ್ಥವಾಯಿತು ಅವರಿಗೆ. ಪರದೆ ಬೇಕು ಎಂದು ಮಗಳು ಯಾತಕ್ಕೆ ಓಡಿ ಬಂದಿದ್ದಳು ಎಂದು. ಮುಚ್ಚುವುದಕ್ಕೇ ಕೇಳಿದ್ದಳು. ಬಂದವರ ಮಾನ ಮುಚ್ಚುವುದಕ್ಕೆ, ಅಪ್ಪನ ಕೈಯಿಂದ, ಮೊದಲ ದಿನವೇ. ಅದಕ್ಕೆ ತಾನೇನು ಅಂದೆ! ಹನ್ನೊಂದು ತಿಂಗಳು ಖಾಲಿ ಬಳೆ ನೋಡಿಕೊಂಡು, ಬಂದ ಗಿರಾಕಿಗಳನ್ನು ಕಳೆದುಕೊಂಡು, ಇನ್ನೊಬ್ಬರ ಕೈಗೆ ಆ ಕೆಲಸ ಕೊಡದೆ ಕಾದಿದ್ದಾಳೆ ಈ ಹುಡುಗಿ. ಮಾಸ್ಟ್ರ ಕಣ್ಣು ತುಂಬಿ ಬಂತು. ಒರೆಸೋಣವೆಂದರೆ ಎರಡೂ ಕೈ ಬೆಡ್‌ಶೀಟಿನಲ್ಲಿ.

"ತಪ್ಪಾಯ್ತು ಮಗಳೇ" ಎಂದರು. "ಅವತ್ತು ನಾನು ಅಂದದ್ದು ತಪ್ಪು. ನಾಲ್ಕು ಜನರೆದುರು ಅಂದದ್ದು ಇನ್ನೂ ತಪ್ಪು. ಮಿಸ್ಸು ಕೇಳಿಸ್ಕೊಳ್ಳಲಿ, ಅವರೆದುರೇ ಹೇಳ್ತೀನಿ. ಆ ನಿಧಾನದ ಪುಣ್ಯಾತ್ಮ ನಾನೇ."

ಮಗಳು ಹತ್ತಿರ ಬಂದು ಬೆಡ್‌ಶೀಟಿನ ತುದಿ ಹಿಡಿದು ಅಪ್ಪನ ಕತ್ತಿನ ಸುತ್ತ ತಂದು ಹಿಂದೆ ಗಂಟು ಹಾಕಿದಳು. ಆಮೇಲೆ ಅವರ ಎಡತೋಳು ಹಿಡಿದು ನೋಡಿದಳು. ಕ್ರೀಮು ಹಚ್ಚಿದ್ದಕ್ಕೆ ಹೊಳೆಯುತ್ತಿತ್ತು.

"ಎಷ್ಟು ಬಳಿದಿದೀಯ ಅಪ್ಪ! ಸೂಜಿ ಜಾರಿ ಹೋಗುತ್ತೆ."

ಬಳಿದಿದೀಯ. ಮಾಸ್ಟ್ರು ಮೂಗೆಳೆದುಕೊಂಡರು.

"ಈಗ ಹೇಳು, ಏನು ಹಾಕಲಿ?"

"ಹೊಲಿಗೆ ಹಾಕು. ಎರಡಿಂಚು. ಹರಿದದ್ದನ್ನ ಸೇರಿಸ್ತೀವಲ್ಲ, ಹಾಗೆ. ಕಚ್ಚಾ ಹೊಲಿಗೆ ಬೇಡ, ಪಕ್ಕಾ ಹಾಕು."

ಸೂಜಿ ಮುಟ್ಟಿದಾಗ ಮಾಸ್ಟ್ರು ನರ್ಸಮ್ಮನ ಕೈ ಹುಡುಕಿದರು. ಎದ್ದು ಬಂದು ಕೈ ಕೊಟ್ಟವರು ಹೆಡ್ ಮಿಸ್ಸು. "ಅತ್ತರೆ ಬೆಂಚಿನ ಮೇಲೆ ನಿಲ್ಲಿಸ್ತೀನಿ" ಎಂದು ಗದರಿಸಿದರು. ಮುಗಿದ ಮೇಲೆ ಮಾಸ್ಟ್ರು ಕನ್ನಡಕ ಏರಿಸಿ, ಜೇಬಿನಿಂದ ಟೇಪು ತೆಗೆದು ತೋಳಿಗೆ ಹಿಡಿದರು. ಸರಿಯಾಗಿ ಎರಡಿಂಚು, ಇಪ್ಪತ್ತು ಹೊಲಿಗೆ. ಒಂದೊಂದನ್ನೂ ಎಣಿಸಿದರು.

"ಇಪ್ಪತ್ತೂ ಒಂದೇ ಸಮ ಇದೆ. ನನಗೂ ಬರ್ತಿರಲಿಲ್ಲ" ಎಂದರು. ಜೀವಮಾನದಲ್ಲಿ ಯಾರ ಹೊಲಿಗೆಯನ್ನೂ ಹೊಗಳದ ಬಾಯಿ ಅದು. ಮಗಳು ಮುಖ ಆ ಕಡೆ ತಿರುಗಿಸಿ ಶೀಸೆಗಳನ್ನು ಜೋಡಿಸತೊಡಗಿದಳು. ಮೊದಲೇ ಜೋಡಿಸಿದ್ದ ಶೀಸೆಗಳನ್ನು.

ಮಾಸ್ಟ್ರು ಕುರ್ಚಿ ಹತ್ತಿ ಸರಳಿನಿಂದ ನೆಲಕ್ಕೆ ಅಳತೆ ತೆಗೆದರು.

"ಯಾವಾಗ ಕೊಡ್ತೀಯ?" ಎಂದಳು ಮಗಳು.

"ನಾಳೆ..." ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡರು. "ಇವತ್ತು ಸಂಜೆ."

ಬೀದಿಯವರು ಇಂದಿಗೂ ನಂಬುವುದಿಲ್ಲ, ಆದರೆ ಪರದೆ ನೋಡಲೆಂದೇ ಮತ್ತೆ ಬಂದಿದ್ದ ಹೆಡ್ ಮಿಸ್ಸು ಸಾಕ್ಷಿ. ಸಂಜೆ ಐದೂವರೆಗೆ ಮಾಸ್ಟ್ರು ಪರದೆ ಹೊತ್ತು ಬಂದರು, ಹಿಂದೆ ಹೆಂಡತಿ. ದಪ್ಪ ನೀಲಿ ಬಟ್ಟೆ, ಬಳೆಗೊಂದೊಂದು ಕಾಜಾ.

"ಹಾಗಾದ್ರೆ ನನ್ನ ಕೋಟು?" ಎಂದರು ಹೆಡ್ ಮಿಸ್ಸು.

"ನಾಳೆ ಬನ್ನಿ, ಗುಂಡಿ ಒಂದು ಬಾಕಿ."

ಪರದೆ ಏರಿತು. ಮಗಳು ಎಳೆದು ನೋಡಿದಳು, ಬಿಟ್ಟು ನೋಡಿದಳು. ನೆಲಕ್ಕೆ ಸರಿಯಾಗಿ 'ಸುಯ್' ಎಂದು ಸವರಿಕೊಂಡು ಹೋಯಿತು. ಬಗ್ಗಿ ಅಂಚು ಮುಟ್ಟಿದವಳಿಗೆ ಕೈಗೆ ಏನೋ ದಪ್ಪ ಸಿಕ್ಕಿತು. ತಿರುಗಿಸಿದರೆ, ಕೆಳಗೆ ನಾಲ್ಕು ಬೆರಳು ಬಟ್ಟೆ ಒಳಗೆ ಮಡಚಿ ಹೊಲಿದಿತ್ತು.

"ಇದೇನಪ್ಪ, ಪರದೆಗೂ ಇಷ್ಟು ಬಿಟ್ಟಿದೀಯ?"

ಮಾಸ್ಟ್ರು ಟೇಪು ಸುತ್ತುತ್ತ, ಅವಳ ಮುಖ ನೋಡದೆ ಹೇಳಿದರು:

"ಬೆಳೆಯೋ ಮಗು. ದೊಡ್ಡ ಅಂಗಡಿ ಹಿಡಿದಾಗ ಬಿಚ್ಚಿ ಇಳಿಸ್ಕೊ."